ಪತಾಕೆಯ ಮೇಲಿನ ನಂದಿದುರ್ಗ: ಚಿಕ್ಕಬಳ್ಳಾಪುರದಿಂದ ನಟಾಲ್‌ವರೆಗೆ

1899ರ ಅಕ್ಟೋಬರ್ 20ರ ಬೆಳಗ್ಗೆ ದಕ್ಷಿಣ ಆಫ್ರಿಕದ ನಟಾಲ್ ಪ್ರಾಂತದಲ್ಲಿ, ಡಂಡೀ ಎಂಬ ಕಲ್ಲಿದ್ದಲು ಗಣಿಗಳ ಊರಿನ ಬಳಿಯ ಟಲಾನಾ ಗುಡ್ಡದ ಮೇಲೆ, ಬ್ರಿಟಿಷರಿಗೂ ಬೋಯರರಿಗೂ ಕಾಳಗ ನಡೆಯಿತು. ಎರಡನೆಯ ಬೋಯರ್ ಯುದ್ಧದ ಮೊದಲ ದೊಡ್ಡ ಕಾಳಗ ಅದು. ಅಂದು ಗುಂಡಿನ ಮಳೆಯ ನಡುವೆ ಗುಡ್ಡವನ್ನೇರಿದ ಪಡೆಗಳಲ್ಲಿ ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್ ಎಂಬ ಐರಿಷ್ ರೆಜಿಮೆಂಟೂ ಒಂದು. ಆ ರೆಜಿಮೆಂಟಿನ ಸಮರಗೌರವಗಳ ಪಟ್ಟಿಯಲ್ಲಿ ಆರ್ಕಾಟು, ಪ್ಲಾಸಿ, ವಾಂಡಿವಾಶ್, ಷೋಲಿಂಗೂರು ಎಂಬ ಹೆಸರುಗಳ ಜೊತೆಗೆ ಕನ್ನಡನಾಡಿನ ಒಂದು ಬೆಟ್ಟದ ಹೆಸರೂ ಇತ್ತು. ಇಂಗ್ಲಿಷರ ಉಚ್ಚಾರಣೆಯಲ್ಲಿ ಅದು 'ನಂಡಿ ದ್ರೂಗ್'. ಅದು ಚಿಕ್ಕಬಳ್ಳಾಪುರದ ನೆತ್ತಿಯ ಮೇಲೆ ನಿಂತಿರುವ ನಂದಿದುರ್ಗ.

ಡಬ್ಲಿನ್ನಿನ ಬಡಕುಟುಂಬಗಳ ಯುವಕರು ಆಫ್ರಿಕದ ಗುಡ್ಡಗಳಲ್ಲಿ ಕಾದುವಾಗ ಅವರ ರೆಜಿಮೆಂಟಿನೊಡನೆ ನಂದಿಯ ಹೆಸರು ಹೇಗೆ ಸೇರಿತು? ಈ ಪ್ರಶ್ನೆಯನ್ನು ಹಿಂಬಾಲಿಸಿ ಹೋದರೆ 1791ರ ಅಕ್ಟೋಬರಿನ ಒಂದು ಬೆಳದಿಂಗಳ ರಾತ್ರಿಗೆ ತಲಪಬೇಕಾಗುತ್ತದೆ. ನೂರೆಂಟು ವರ್ಷಗಳ ಅಂತರವಿರುವ ಈ ಎರಡು ಬೆಟ್ಟಗಳ ಕಾಳಗಗಳನ್ನು ಜೊತೆಗಿಟ್ಟು ನೋಡಿದಾಗ ವಸಾಹತು ಯುದ್ಧಗಳ ಸ್ವರೂಪವೂ, ಅವು ಉಳಿಸಿಹೋಗುವ ನೆನಪಿನ ಸ್ವರೂಪವೂ ಸ್ಪಷ್ಟವಾಗುತ್ತವೆ.

ಬೆಟ್ಟಗಳ ಸೀಮೆ, ಒಕ್ಕಲಿಗ ದೊರೆಗಳು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕೂ ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದವು. ದೊಡ್ಡ ನದಿಗಳಿಲ್ಲದ, ಕೆರೆಗಳನ್ನೇ ನೆಚ್ಚಿದ, ಬೋಳು ಬಂಡೆಗಳ ನಾಡಿದು. ಬಯಲಿನಿಂದ ತಟ್ಟನೆ ಎದ್ದು ನಿಲ್ಲುವ ಬೆಟ್ಟಗಳು ಇಲ್ಲಿ ಸಹಜವಾದ ಕೋಟೆಗಳು. ಅವುಗಳಲ್ಲೆಲ್ಲ ನಂದಿಗೆ ಪ್ರಾಚೀನ ಕಾಲದಿಂದಲೂ ಅಗ್ರಸ್ಥಾನವಿದೆ. ತಲಕಾಡಿನ ಗಂಗರು ತಮ್ಮ ಶಾಸನಗಳಲ್ಲಿ ಕುವಳಾಲಪುರದ ಒಡೆಯರೆಂದೂ ನಂದಗಿರಿನಾಥರೆಂದೂ ಕರೆದುಕೊಂಡರು. ರಾಜಧಾನಿ ಬೇರೆಡೆಗೆ ಹೋದ ಮೇಲೂ ಈ ಬಿರುದನ್ನು ಅವರು ಬಿಡಲಿಲ್ಲ. ನಂದಿಯನ್ನು ಹಿಡಿದವನು ಸುತ್ತಲ ನಾಡಿನ ಒಡೆಯನೆಂಬ ಭಾವನೆಗೆ ಅಷ್ಟು ದೀರ್ಘವಾದ ಇತಿಹಾಸವಿದೆ.

ವಿಜಯನಗರದ ಕಾಲದಲ್ಲಿ ಈ ಸೀಮೆ ಆವತಿಯ ಮೊರಸು ಒಕ್ಕಲಿಗ ಪಾಳೆಯಗಾರರ ಕೈಗೆ ಬಂದಿತು. ಪರಂಪರೆಯಂತೆ ಆವತಿ ವಂಶದ ಮಲ್ಲ ಭೈರೇಗೌಡ 15ನೆಯ ಶತಮಾನದ ಕೊನೆಗೆ ಚಿಕ್ಕಬಳ್ಳಾಪುರದ ಕೋಟೆಯನ್ನೂ ಪೇಟೆಯನ್ನೂ ಕಟ್ಟಿಸಿದನು. ದೇವನಹಳ್ಳಿ ಮೊದಲಾದ ಪಾಳೆಯಪಟ್ಟುಗಳೂ ಇದೇ ಮೂಲದವು. ಬೇಸಾಯವೇ ಕುಲವೃತ್ತಿಯಾದ ಈ ನಾಯಕರು ಕೆರೆ ಕಟ್ಟಿಸುವುದನ್ನೂ ಕೋಟೆ ಕಟ್ಟಿಸುವುದನ್ನೂ ಒಂದೇ ರಾಜಕಾರ್ಯದ ಎರಡು ಮುಖಗಳೆಂದು ಬಗೆದವರು. 'ಬೋಯರ್' ಎಂಬ ಡಚ್ ಪದದ ಅರ್ಥವೂ ಒಕ್ಕಲಿಗ ಎಂದೇ ಎಂಬುದನ್ನು ಇಲ್ಲಿ ನೆನೆಯಬಹುದು.

18ನೆಯ ಶತಮಾನದಲ್ಲಿ ಈ ನಾಡು ಸೀರ್ಯದ ಮೊಗಲರು, ಗುತ್ತಿಯ ಮುರಾರಿರಾಯ, ಪುಣೆಯ ಪೇಶ್ವೆ, ಮೈಸೂರು ಈ ನಾಲ್ವರ ಎಳೆದಾಟಕ್ಕೆ ಸಿಕ್ಕಿತು. ಚಿಂತಾಮಣಿ ಪಟ್ಟಣವು ಚಿಂತಾಮಣಿರಾವ್ ಎಂಬ ಮರಾಠ ನಾಯಕನಿಂದ ಹೆಸರು ಪಡೆದುದು ಆ ದಿನಗಳ ಗುರುತು. ಹೈದರಾಲಿ 1762ರ ಸುಮಾರಿಗೆ ಚಿಕ್ಕಬಳ್ಳಾಪುರವನ್ನು ಮುತ್ತಿದಾಗ ಅಲ್ಲಿಯ ಪಾಳೆಯಗಾರನು ದೀರ್ಘಕಾಲ ಕಾದಾಡಿ, ಕೊನೆಗೆ ದೊಡ್ಡ ಮೊತ್ತದ ಕಾಣಿಕೆಗೆ ಒಪ್ಪಿಕೊಂಡನು. ಸೇನೆ ಹಿಂದೆ ಸರಿದೊಡನೆ ಮುರಾರಿರಾಯನ ನೆರವನ್ನು ಕರೆಸಿ, ಪಟ್ಟಣವನ್ನು ಅವನಿಗೆ ಬಿಟ್ಟುಕೊಟ್ಟು, ತಾನು ನಂದಿದುರ್ಗವನ್ನೇರಿದನು. ಹೈದರನು ಮರಳಿ ಬಂದು ಪಟ್ಟಣವನ್ನು ಲಗ್ಗೆಯಿಂದ ಹಿಡಿದನು. ನಂದಿ, ಗುಡಿಬಂಡೆ ಮೊದಲಾದ ದುರ್ಗಗಳೂ ಒಂದೊಂದಾಗಿ ಮೈಸೂರಿನ ವಶವಾದವು. ಪಾಳೆಯಗಾರನ ಮನೆತನ ಸೆರೆಯಾಯಿತು. ಮಾಧವರಾಯ ಪೇಶ್ವೆಯ ದಂಡಯಾತ್ರೆಯಲ್ಲಿ ಈ ಭಾಗ ಕೆಲಕಾಲ ಮರಾಠರಿಗೆ ಹೋದರೂ ಹೈದರನು ಅದನ್ನು ಮರಳಿ ಪಡೆದುಕೊಂಡನು. ಮೈಸೂರಿನ ಆಳ್ವಿಕೆಯಲ್ಲಿ ನಂದಿಯ ಕೋಟೆಗೋಡೆಗಳು ಬಲಗೊಂಡವು.

ದಂಡು ಬಂದ ವರ್ಷ

1789ರ ಕೊನೆಯಲ್ಲಿ ಟಿಪ್ಪು ಸುಲ್ತಾನನು ತಿರುವಾಂಕೂರಿನ ಗಡಿಕೋಟೆಯ ಮೇಲೆರಗಿದುದರಿಂದ ಮೂರನೆಯ ಮೈಸೂರು ಯುದ್ಧ ಆರಂಭವಾಯಿತು. ಈಸ್ಟ್ ಇಂಡಿಯಾ ಕಂಪನಿಗೆ ಮರಾಠರೂ ನಿಜಾಮನೂ ಜೊತೆಗೂಡಿದರು. ಮೊದಲ ವರ್ಷ ಫಲ ದೊರೆಯದಿದ್ದಾಗ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸನು ತಾನೇ ಸೇನಾಧಿಪತ್ಯ ವಹಿಸಿ, 1791ರಲ್ಲಿ ಘಟ್ಟವನ್ನೇರಿದನು. ಕೋಲಾರ, ಹೊಸಕೋಟೆ ವಶವಾದವು. ಮಾರ್ಚ್ 7ರಂದು ಬೆಂಗಳೂರಿನ ಪೇಟೆಯೂ, ಮಾರ್ಚ್ 21ರ ರಾತ್ರಿ ಕೋಟೆಯೂ ಬಿದ್ದವು. ಕೋಟೆಯನ್ನು ಕಾಯುತ್ತಿದ್ದ ಬಹಾದೂರ್ ಖಾನನು ಹೋರಾಡುತ್ತ ಮಡಿದನು.

ಬೆಂಗಳೂರು ಬಿದ್ದ ಮೇಲೆ ಕಾರ್ನ್‌ವಾಲಿಸನು ನೇರವಾಗಿ ಶ್ರೀರಂಗಪಟ್ಟಣಕ್ಕೆ ಹೋಗಲಿಲ್ಲ. ಅವನಿಗೆ ಕುದುರೆಸವಾರರ ಕೊರತೆಯಿತ್ತು. ನಿಜಾಮನ ಸುಮಾರು ಹತ್ತು ಸಾವಿರ ಸವಾರರು ಉತ್ತರದಿಂದ ಬರಬೇಕಿತ್ತು. ಅವರನ್ನು ಕೂಡಿಕೊಳ್ಳಲು ಅವನು ಉತ್ತರಕ್ಕೆ ತಿರುಗಿದನು. ದಾರಿಯಲ್ಲಿ ದೇವನಹಳ್ಳಿಯೂ ಚಿಕ್ಕಬಳ್ಳಾಪುರವೂ ಪ್ರತಿರೋಧವಿಲ್ಲದೆ ವಶವಾದವು. ಚಿಕ್ಕಬಳ್ಳಾಪುರವನ್ನು ಹಳೆಯ ಪಾಳೆಯಗಾರ ಮನೆತನದ ನಾರಾಯಣಗೌಡನಿಗೆ ಮರಳಿ ಕೊಡಲಾಯಿತು. ಆ ಮನೆತನಕ್ಕೆ ಇದು ಮೂವತ್ತು ವರ್ಷಗಳ ಮೇಲೆ ತೆರೆದ ಬಾಗಿಲು. ಆದರೆ ಅದನ್ನು ಕಾಯುವಷ್ಟು ಸೈನ್ಯ ಅವನಲ್ಲಿರಲಿಲ್ಲ, ಅದನ್ನು ಕೊಟ್ಟ ಕಂಪನಿಯೂ ಅಲ್ಲಿ ನಿಲ್ಲಲಿಲ್ಲ. ಸುದ್ದಿ ತಿಳಿದ ಟಿಪ್ಪುವಿನ ಪಡೆ ಅನಿರೀಕ್ಷಿತವಾಗಿ ಮೇಲೆಬಿದ್ದು ಪಟ್ಟಣವನ್ನು ಹಿಂದಕ್ಕೆ ಪಡೆಯಿತು. ಮುಂದೆ ಸಂಧಿಯಾದಾಗಲೂ ಅದು ಆ ಮನೆತನಕ್ಕೆ ದಕ್ಕಲಿಲ್ಲ.

ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಬಳಿಗೆ ಹೋದನಾದರೂ ಗೆಲುವು ಕೈಗೂಡಲಿಲ್ಲ. ದಾರಿಯುದ್ದಕ್ಕೂ ಟಿಪ್ಪು ದವಸವನ್ನೂ ಮೇವನ್ನೂ ಇಲ್ಲವಾಗಿಸಿದ್ದನು, ಹಳ್ಳಿಗಳನ್ನು ತೆರವುಗೊಳಿಸಿದ್ದನು. ಅರಿಕೆರೆಯ ಕಾಳಗದಲ್ಲಿ ಗೆದ್ದರೂ ಕಂಪನಿಯ ಸೇನೆ ಹಸಿವಿಗೆ ಸೋತಿತು. ಎತ್ತುಗಳು ಸತ್ತುದರಿಂದ ದೊಡ್ಡ ಫಿರಂಗಿಗಳನ್ನು ತನ್ನ ಕೈಯಿಂದಲೇ ನಾಶಮಾಡಿ ಕಾರ್ನ್‌ವಾಲಿಸನು ಹಿಮ್ಮೆಟ್ಟಬೇಕಾಯಿತು. ದಾರಿಯಲ್ಲಿ ಮರಾಠರ ಸೇನೆ ಎದುರಾಗಿ, ಅದರ ಬಜಾರಿನಲ್ಲಿ ಧಾನ್ಯ ಸಿಕ್ಕಿದುದರಿಂದ ದಂಡು ಉಳಿಯಿತು. ಈ ಅನುಭವದಿಂದ ಅವನು ಕಲಿತ ಪಾಠವೊಂದೇ: ಅಕ್ಕಿ ಹೊತ್ತ ಬಂಜಾರರ ಎತ್ತುಗಳು ಬರುವ ದಾರಿಗಳು ತೆರೆದಿರದಿದ್ದರೆ ಶ್ರೀರಂಗಪಟ್ಟಣವನ್ನು ಗೆಲ್ಲುವುದು ಅಸಾಧ್ಯ. ಬೆಂಗಳೂರಿನಿಂದ ನಿಜಾಮನ ಸೀಮೆಗೆ ಹೋಗುವ ದಾರಿಯ ಮೇಲೆ ಕಣ್ಣಿಟ್ಟು ನಿಂತಿದ್ದ ಕೋಟೆ ನಂದಿದುರ್ಗ. ಆ ಕಾರಣದಿಂದಲೇ ಅದರ ಮೇಲೆ ಮುತ್ತಿಗೆ ಬಿದ್ದಿತು.

ಇಪ್ಪತ್ತೊಂದು ದಿನ, ಒಂದು ರಾತ್ರಿ

ಮಳೆಗಾಲದ ಕೊನೆಗೆ ಮೇಜರ್ ಗೌಡಿ ಎಂಬ ಅಧಿಕಾರಿಯ ಕೈಕೆಳಗೆ ಒಂದು ಪಡೆಯನ್ನು ಈಶಾನ್ಯಕ್ಕೆ ಕಳುಹಿಸಲಾಯಿತು. ಇಂದಿನ ಚಿಂತಾಮಣಿ ತಾಲ್ಲೂಕಿನ ರಹಮಾನ್‌ಗಡ, ಅಂಬಾಜಿದುರ್ಗ ಮೊದಲಾದ ಕೋಟೆಗಳು ಹೆಚ್ಚು ಕಾದಾಡದೆ ಶರಣಾದವು. ಸೆಪ್ಟೆಂಬರಿನ ಕೊನೆಯ ಭಾಗದಲ್ಲಿ ಪಡೆ ನಂದಿಯ ಬುಡಕ್ಕೆ ಬಂದಿತು. ಇಲ್ಲಿ ಪರಿಸ್ಥಿತಿ ಬೇರೆಯಿತ್ತು. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ಈ ಬೆಟ್ಟ ಸುತ್ತಲ ಬಯಲಿನಿಂದ ಸುಮಾರು 1,700 ಅಡಿ ಮೇಲೆದ್ದಿದೆ. ಎಲ್ಲ ಕಡೆಯೂ ಕಡಿದಾದ ಬಂಡೆ. ಪಶ್ಚಿಮದ ಇಳಿಜಾರೊಂದರಲ್ಲಿ ಮಾತ್ರ ಹತ್ತಲು ಸಾಧ್ಯ. ಅಲ್ಲಿ ಎರಡು ಸುತ್ತಿನ ಬಲವಾದ ಕೋಟೆ. ಕಿಲ್ಲೇದಾರ ಲತೀಫ್ ಅಲಿ ಬೇಗ್ ಶರಣಾಗಲೊಪ್ಪಲಿಲ್ಲ.

ಮುತ್ತಿಗೆಯ ನಿಜವಾದ ಕಷ್ಟ ಗುಂಡು ಹಾರಿಸುವುದರಲ್ಲಿರಲಿಲ್ಲ, ಗುಂಡು ಹಾರಿಸಬಲ್ಲ ಎತ್ತರಕ್ಕೆ ಫಿರಂಗಿಗಳನ್ನು ಒಯ್ಯುವುದರಲ್ಲಿತ್ತು. ಬಂಡೆಗಳ ನಡುವೆ ದಾರಿ ಕಡಿದು, ಕೋಟೆಯಿಂದ ಬೀಳುತ್ತಿದ್ದ ಗುಂಡುಗಳನ್ನು ಸಹಿಸುತ್ತ, ಸುಮಾರು ಎರಡು ವಾರ ದುಡಿದ ಮೇಲೆ ಫಿರಂಗಿಗಳು ನೆಲೆ ಮುಟ್ಟಿದವು. ಇಪ್ಪತ್ತೊಂದು ದಿನಗಳಲ್ಲಿ ಗೋಡೆಯಲ್ಲಿ ಎರಡು ಕಂಡಿಗಳು ಬಿದ್ದವು. ಅಷ್ಟರಲ್ಲಿ ಕಾರ್ನ್‌ವಾಲಿಸನೂ ಮುಖ್ಯ ಸೇನೆಯೊಡನೆ ಹತ್ತಿರಕ್ಕೆ ಬಂದು ಬೀಡುಬಿಟ್ಟನು. ಗವರ್ನರ್ ಜನರಲನ ಇರವು ಕೋಟೆಯವರ ಧೈರ್ಯವನ್ನು ಕುಂದಿಸಲೆಂಬುದೇ ಅದರ ಉದ್ದೇಶ.

ಅಕ್ಟೋಬರ್ 18ರ ರಾತ್ರಿ ಕಳೆದು 19 ಆರಂಭವಾಗುವ ಹೊತ್ತಿಗೆ, ಚಂದ್ರ ಮೂಡುವುದನ್ನು ಕಾದು, ಜನರಲ್ ಮೆಡೋಸನ ನೇತೃತ್ವದಲ್ಲಿ ಲಗ್ಗೆ ನಡೆಯಿತು. ಕತ್ತಲಲ್ಲಿ ಕಾಯುತ್ತ ಕುಳಿತಿದ್ದ ಸೈನಿಕರಲ್ಲೊಬ್ಬನು ದಾರಿಯಡಿಯಲ್ಲಿ ಮದ್ದಿನ ಸುರಂಗವಿದೆಯೆಂದು ಪಿಸುಗುಟ್ಟಿದನಂತೆ. ಹಾಗಿದ್ದರೆ ಅದು ಚಿನ್ನದ್ದೇ ಇರಬೇಕೆಂದು ಮೆಡೋಸನು ನಗೆಯಾಡಿದನೆಂದು ಇಂಗ್ಲಿಷ್ ವೃತ್ತಾಂತಗಳು ಹೇಳುತ್ತವೆ. ಇಂಗ್ಲಿಷಿನಲ್ಲಿ ಮದ್ದಿನ ಸುರಂಗಕ್ಕೂ ಗಣಿಗೂ ಒಂದೇ ಪದವಿರುವುದೇ ಆ ಮಾತಿನ ಸ್ವಾರಸ್ಯ. ಮುಂದೆ ಇದೇ ಕೋಲಾರ ಜಿಲ್ಲೆಯಲ್ಲಿ ಚಿನ್ನ ತೆಗೆದ ಬ್ರಿಟಿಷ್ ಕಂಪನಿಗಳಲ್ಲಿ ಒಂದು ತನ್ನ ಗಣಿಗೆ ನಂದಿದುರ್ಗದ ಹೆಸರನ್ನೇ ಇಟ್ಟುಕೊಂಡಿತು. ಮೆಡೋಸನ ವಿನೋದವನ್ನು ಚರಿತ್ರೆ ಒಂದು ಶತಮಾನದ ಮೇಲೆ ಅಕ್ಷರಶಃ ನಡೆಸಿಕೊಟ್ಟಿತು.

ಏಣಿಗಳನ್ನು ಹೊತ್ತ ಸೈನಿಕರು ಕಂಡಿಗಳತ್ತ ನುಗ್ಗಿದಾಗ ಮೇಲಿನಿಂದ ಬಂದೂಕಿನ ಗುಂಡುಗಳಿಗಿಂತ ಹೆಚ್ಚಾಗಿ ಕಲ್ಲುಗಳು ಉರುಳಿದವು. ನಂದಿಯ ಬಂಡೆಯೇ ನಂದಿಯ ಕೊನೆಯ ಆಯುಧವಾಯಿತು. ಹೆಚ್ಚಿನ ಗಾಯಗಳಾದದ್ದು ಅದರಿಂದಲೇ. ಆದರೂ ದಾಳಿಕಾರರು ಹೊರಸುತ್ತನ್ನು ಹಿಡಿದು, ಹಿಂದೋಡುವವರ ಬೆನ್ನಟ್ಟಿ ಒಳಬಾಗಿಲನ್ನೂ ಬಲಾತ್ಕಾರದಿಂದ ತೆರೆದರು. ಕಿಲ್ಲೇದಾರನು ಸೆರೆಸಿಕ್ಕಿದನು. ಕೆಲವರು ಕಡಿದಾದ ಬದಿಯಿಂದ ಇಳಿದು ತಪ್ಪಿಸಿಕೊಂಡರು. ಇದಕ್ಕೆ ಸರಿಯಾಗಿ ಹತ್ತು ವರ್ಷಗಳ ಹಿಂದೆ, 1781ರ ಅಕ್ಟೋಬರ್ 19ರಂದು, ಅಮೆರಿಕದ ಯಾರ್ಕ್‌ಟೌನಿನಲ್ಲಿ ಇದೇ ಕಾರ್ನ್‌ವಾಲಿಸನ ಸೇನೆ ಶಸ್ತ್ರ ಕೆಳಗಿಟ್ಟಿತ್ತು. ಅಲ್ಲಿ ಕಳೆದುಕೊಂಡ ಮಾನವನ್ನು ಅವನು ಮೈಸೂರಿನ ಬೆಟ್ಟಗಳಲ್ಲಿ ಗಳಿಸಿಕೊಳ್ಳುತ್ತಿದ್ದನು.

ಇನ್ನೊಂದು ಸಂಗತಿ ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸತಕ್ಕದ್ದು. ಅಂದು ಲಗ್ಗೆಯ ಮುಂಚೂಣಿಯಲ್ಲಿದ್ದ ಕ್ಯಾಪ್ಟನ್ ಜೇಮ್ಸ್ ರಾಬರ್ಟ್‌ಸನ್, ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರಿನ್ಸಿಪಾಲ್ ಆಗಿದ್ದ ಪ್ರಸಿದ್ಧ ಇತಿಹಾಸಕಾರ ವಿಲಿಯಂ ರಾಬರ್ಟ್‌ಸನ್ನನ ಮಗ. ಪ್ರಾಚೀನರಿಗೆ ಭಾರತದ ಬಗ್ಗೆ ಇದ್ದ ತಿಳಿವಳಿಕೆಯನ್ನು ಕುರಿತ ತಂದೆಯ ಗ್ರಂಥ ಪ್ರಕಟವಾದುದು ಅದೇ 1791ರಲ್ಲಿ. ಭಾರತೀಯರ ಪುರಾತನ ನಾಗರಿಕತೆಯನ್ನು ಯುರೋಪಿಯನ್ನರು ಗೌರವದಿಂದ ಕಾಣಬೇಕೆಂದು ಅದರಲ್ಲಿ ಅವನು ವಾದಿಸಿದ್ದನು. ತಂದೆಯ ಲೇಖನಿಗೂ ಮಗನ ಕತ್ತಿಗೂ ಒಂದೇ ವರ್ಷ ಒಂದೇ ನಾಡು ವಿಷಯವಾಯಿತು. ವಸಾಹತುಶಾಹಿಯ ಜ್ಞಾನ ಮತ್ತು ಬಲ ಒಂದೇ ಮನೆಯಲ್ಲಿ ವಾಸಿಸುತ್ತಿದ್ದವೆಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಸಿಕ್ಕುವುದು ಅಪರೂಪ. ಸೇನೆಯ ಜೊತೆಗಿದ್ದ ಚಿತ್ರಕಾರ ರಾಬರ್ಟ್ ಹೋಮ್‌ನಂಥವರು ಮೈಸೂರಿನ ಕೋಟೆ ಬೆಟ್ಟಗಳನ್ನು ಚಿತ್ರಿಸಿ 1794ರಲ್ಲಿ ಪ್ರಕಟಿಸಿದರು. ಗೆದ್ದ ನಾಡು ಲಂಡನ್ನಿನ ದಿವಾನಖಾನೆಗಳಲ್ಲಿ ಸುಂದರ ನೋಟವಾಯಿತು.

ನಂದಿಯ ಬೆನ್ನಲ್ಲೇ ಡಿಸೆಂಬರಿನಲ್ಲಿ ಸಾವನದುರ್ಗ ಬಿದ್ದಿತು. 1792ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಬಿದ್ದು, ಮಾರ್ಚಿನ ಸಂಧಿಯಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಒಪ್ಪಿಸಬೇಕಾಯಿತು, ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು.

ಮದರಾಸಿನಿಂದ ಡಬ್ಲಿನ್, ಡಬ್ಲಿನ್ನಿನಿಂದ ಟಲಾನಾ

ನಂದಿಯ ಮುತ್ತಿಗೆಯಲ್ಲಿ ದುಡಿದ ಪಡೆಗಳಲ್ಲಿ ಕಂಪನಿಯ ಮದರಾಸು ಯುರೋಪಿಯನ್ ಪಡೆಯೂ ಇತ್ತು. 1857ರ ಬಂಡಾಯದ ಬಳಿಕ ಕಂಪನಿಯ ಆಳ್ವಿಕೆ ಮುಗಿದು, ಆ ಪಡೆ ರಾಣಿಯ ಸೇನೆಗೆ ಸೇರಿ 102ನೆಯ ರಾಯಲ್ ಮದರಾಸ್ ಫ್ಯುಸಿಲಿಯರ್ಸ್ ಎನಿಸಿತು. 1881ರ ಪುನರ್‌ರಚನೆಯಲ್ಲಿ ಅದು ಬೊಂಬಾಯಿಯ 103ನೆಯ ಪಡೆಯೊಡನೆ ಕೂಡಿಕೊಂಡು ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್ ಆಯಿತು. ಮದರಾಸಿನದು ಮೊದಲ ಬೆಟಾಲಿಯನ್, ಬೊಂಬಾಯಿಯದು ಎರಡನೆಯದು. ಹೆಸರು ಐರಿಷ್ ಆದರೂ ಗೌರವಪಟ್ಟಿ ಭಾರತದ್ದೇ ಉಳಿಯಿತು. ಹೀಗೆ ನಂದಿದುರ್ಗ ಡಬ್ಲಿನ್ನಿಗೆ ಹೋಯಿತು.

ಈ ಯುದ್ಧದ ಹಿನ್ನೆಲೆಯಲ್ಲಿಯೂ ಚಿನ್ನವಿತ್ತು. 1886ರಲ್ಲಿ ಟ್ರಾನ್ಸ್‌ವಾಲ್ ಗಣರಾಜ್ಯದ ವಿಟ್‌ವಾಟರ್‌ಸ್ರ್ಯಾಂಡಿನಲ್ಲಿ ಅಪಾರ ಚಿನ್ನ ಸಿಕ್ಕಿತು. ಕೋಲಾರದಲ್ಲಿ ಬ್ರಿಟಿಷ್ ಬಂಡವಾಳ ಮಹಾರಾಜರ ರಾಜ್ಯದೊಳಗೆ ಗುತ್ತಿಗೆ ಪಡೆದು ಗಣಿ ತೋಡುತ್ತಿದ್ದ ಕಾಲದಲ್ಲಿಯೇ ಅಲ್ಲಿ ಅದಕ್ಕೆ ಬೋಯರರ ಸ್ವತಂತ್ರ ಸರ್ಕಾರ ಅಡ್ಡವಾಗಿ ನಿಂತಿತ್ತು. ವಲಸೆ ಬಂದ ಬ್ರಿಟಿಷರ ಮತದಾನದ ಹಕ್ಕಿನ ಪ್ರಶ್ನೆ ಬೆಳೆದು, 1899ರ ಅಕ್ಟೋಬರ್ 11ರಂದು ಯುದ್ಧವಾಗಿ ಪರಿಣಮಿಸಿತು.

ಟಲಾನಾದಲ್ಲಿ ಲ್ಯೂಕಸ್ ಮೆಯರನ ಬೋಯರರು ರಾತ್ರಿಯೇ ಗುಡ್ಡವನ್ನು ಹಿಡಿದಿದ್ದರು. ಬ್ರಿಟಿಷ್ ಸೇನಾನಿ ಪೆನ್ ಸೈಮನ್ಸನು ಹಗಲಲ್ಲಿಯೇ ಕಾಲಾಳುಗಳನ್ನು ನೇರವಾಗಿ ಮೇಲಕ್ಕೆ ಕಳುಹಿಸಿ, ತಡವಾಯಿತೆಂದು ತಾನೇ ಮುಂದೆ ಹೋಗಿ ಹೊಟ್ಟೆಗೆ ಗುಂಡು ತಾಗಿಸಿಕೊಂಡು ಕೆಲದಿನಗಳಲ್ಲಿ ಸತ್ತನು. ಗುಡ್ಡದ ನೆತ್ತಿ ಮುಟ್ಟಿದವರ ಮೇಲೆ ತಮ್ಮದೇ ಫಿರಂಗಿಗಳ ಗುಂಡುಗಳೂ ಬಿದ್ದವು. ಗುಡ್ಡ ಕೈಸೇರಿದರೂ ಎರಡು ದಿನಗಳಲ್ಲಿ ಡಂಡೀಯನ್ನೇ ಬಿಟ್ಟು ಲೇಡಿಸ್ಮಿತ್ತಿಗೆ ಹಿಮ್ಮೆಟ್ಟಬೇಕಾಯಿತು. ಡಿಸೆಂಬರ್ 15ರಂದು ಕೊಲೆನ್ಸೊದಲ್ಲಿ ಟುಗೇಲ ನದಿಯ ತಿರುವಿನೊಳಕ್ಕೆ ಐರಿಷ್ ಬ್ರಿಗೇಡನ್ನು ಒತ್ತಾಗಿ ನಿಲ್ಲಿಸಿ ನಡೆಸಿದ ತಪ್ಪಿನಿಂದ ಡಬ್ಲಿನ್ನಿನವರು ಬಹಳ ಹಾನಿಗೊಂಡರು. ನಂದಿಯ ಗೌರವಕ್ಕೆ ನೇರ ವಾರಸುದಾರನಾದ ಮೊದಲ ಬೆಟಾಲಿಯನ್ನಿನ ತುಕಡಿಗಳೂ ಅಲ್ಲಿದ್ದವು. ಅದೇ ಬೆಟಾಲಿಯನ್ನಿನ ಕಹಳೆಗಾರ, ಹದಿಹರೆಯದ ಹುಡುಗ ಜಾನ್ ಡನ್ ಗಾಯಗೊಂಡು ತನ್ನ ಕಹಳೆಯನ್ನು ಕಳೆದುಕೊಂಡನು. ವಿಕ್ಟೋರಿಯಾ ರಾಣಿ ಅವನಿಗೆ ಬೆಳ್ಳಿಯ ಕಹಳೆಯನ್ನು ಕೊಟ್ಟಳು.

ನಂದಿಗೂ ನಟಾಲಿಗೂ ಇರುವ ಸೈನಿಕ ವ್ಯತ್ಯಾಸ ದೊಡ್ಡದು. ನಂದಿಯಲ್ಲಿ ಕಾಯುವವರು ಕಲ್ಲಿನ ಗೋಡೆಯ ಮೇಲೆ ನಿಂತು ಎಲ್ಲರಿಗೂ ಕಾಣುತ್ತಿದ್ದರು. ಗೋಡೆಯನ್ನು ಒಡೆದರೆ ಕೋಟೆ ಮುಗಿಯಿತು. ನಟಾಲಿನಲ್ಲಿ ಹೊಗೆ ಕಾಣದ ಮದ್ದಿನ ಮೌಸರ್ ಬಂದೂಕು ಹಿಡಿದ ಬೋಯರರು ಕಂದಕಗಳಲ್ಲಿ ಅಡಗಿದ್ದರು. ಒಡೆಯಲು ಗೋಡೆಯಿರಲಿಲ್ಲ, ಗುರಿಯಿಡಲು ಹೊಗೆಯೂ ಇರಲಿಲ್ಲ. ಏಣಿ ಹಾಕಿ ಗೆದ್ದ ಶತಮಾನದ ಧೈರ್ಯವನ್ನು ಬ್ರಿಟಿಷ್ ಸೇನಾನಿಗಳು ಹೊಸ ಶಸ್ತ್ರಗಳ ಎದುರಿಗೂ ಹಾಗೆಯೇ ಬಳಸಹೋದರು. ಪತಾಕೆಯ ಮೇಲಿನ ಹಳೆಯ ಗೆಲುವುಗಳು ಸೈನಿಕರಿಗೆ ಸ್ಫೂರ್ತಿಯಾಗಿದ್ದಿರಬಹುದು. ಸೇನಾನಿಗಳಿಗೆ ಅವು ಕಣ್ಣುಕಟ್ಟೂ ಆದವು.

ಹೊರುವವರು, ಸುಡಲ್ಪಟ್ಟವರು

ಬದಲಾಗದೆ ಉಳಿದ ಸಂಗತಿಗಳೂ ಇವೆ. 1791ರಲ್ಲಿ ಕಂಪನಿಯ ಸೇನೆ ಬಂಜಾರರ ಎತ್ತುಗಳ ಮೇಲೂ, ಫಿರಂಗಿ ಎಳೆದ ಕೂಲಿಗಳ ಮೇಲೂ, ಸಿಪಾಯಿಗಳ ಮೇಲೂ ನಿಂತಿತ್ತು. ನಟಾಲಿನಲ್ಲಿ ಗಾಂಧೀಜಿ ಕಟ್ಟಿದ ಭಾರತೀಯ ಆಂಬುಲೆನ್ಸ್ ದಳದ ಸುಮಾರು 1,100 ಮಂದಿಯಲ್ಲಿ 800ರಷ್ಟು ಜನ ಕರಾರಿನ ಕೂಲಿಗಳು. ಕೊಲೆನ್ಸೊ, ಸ್ಪಿಯಾನ್ ಕಾಪ್ ಕಾಳಗಗಳ ಗಾಯಾಳುಗಳನ್ನು ಡೋಲಿಗಳಲ್ಲಿ ಹೊತ್ತವರಲ್ಲಿ ಅವರೂ ಇದ್ದರು.

ನೆಲವನ್ನು ಬರಿದುಮಾಡುವ ನೀತಿಯೂ ಎರಡು ಯುದ್ಧಗಳಿಗೂ ಸಮಾನ. ಮೈಸೂರಿನಲ್ಲಿ ಟಿಪ್ಪು ಶತ್ರುವಿಗೆ ಸಿಗದಂತೆ ತನ್ನ ನೆಲವನ್ನೇ ಬರಿದುಮಾಡಿದನು. ಆಫ್ರಿಕದಲ್ಲಿ ಬೋಯರರು ಗೆರಿಲ್ಲಾ ಯುದ್ಧಕ್ಕಿಳಿದಾಗ ಬ್ರಿಟಿಷರು ಅವರ ಹೊಲಮನೆಗಳನ್ನು ಸುಟ್ಟು, ಹೆಂಗಸರನ್ನೂ ಮಕ್ಕಳನ್ನೂ ಶಿಬಿರಗಳಲ್ಲಿ ಕೂಡಿಹಾಕಿದರು. ಅಲ್ಲಿ ಸುಮಾರು 28,000 ಬೋಯರರು ರೋಗ ಹಸಿವುಗಳಿಂದ ಸತ್ತರು. ಅವರಲ್ಲಿ ಬಹುಪಾಲು ಮಕ್ಕಳು. ಕರಿಯರಿಗಾಗಿ ಮಾಡಿದ ಪ್ರತ್ಯೇಕ ಶಿಬಿರಗಳಲ್ಲಿಯೂ ಸಹಸ್ರಾರು ಜನ ಸತ್ತರು. ಬೋಯರರನ್ನು ಬರಿಯ ಬಲಿಪಶುಗಳೆಂದು ಕಾಣುವುದೂ ಸರಿಯಲ್ಲ. ಅವರು ಆಫ್ರಿಕನ್ನರ ನೆಲವನ್ನು ಕಿತ್ತುಕೊಂಡು ಅವರನ್ನು ಆಳಾಗಿಸಿಕೊಂಡವರು. 1902ರ ಮೇ 31ರ ವೆರೀನಿಖಿಂಗ್ ಒಪ್ಪಂದದಲ್ಲಿ ಬಿಳಿಯರಿಬ್ಬರೂ ರಾಜಿಯಾದಾಗ ಕರಿಯರ ಮತದಾನದ ಹಕ್ಕನ್ನು ಮುಂದಕ್ಕೆ ತಳ್ಳಲಾಯಿತು. 1792ರ ಸಂಧಿಯಲ್ಲಿ ಚಿಕ್ಕಬಳ್ಳಾಪುರದ ಮನೆತನವನ್ನು ಮರೆತಂತೆ, ಇಲ್ಲಿಯೂ ದೊಡ್ಡವರ ಸಂಧಿಯಲ್ಲಿ ಚಿಕ್ಕವರಿಗೆ ಜಾಗವಿರಲಿಲ್ಲ.

ಸೆರೆಸಿಕ್ಕ ಬೋಯರರಲ್ಲಿ ಸುಮಾರು 9,000 ಮಂದಿಯನ್ನು ಹಡಗುಗಳಲ್ಲಿ ಭಾರತಕ್ಕೆ ತಂದರು. ಅವರಿಗಾಗಿ ಮಾಡಿದ ಶಿಬಿರಗಳಲ್ಲಿ ಬಳ್ಳಾರಿಯದೂ ಒಂದು. ನಂದಿಯ ಹೆಸರು ಕನ್ನಡನಾಡಿನಿಂದ ಆಫ್ರಿಕಕ್ಕೆ ಹೋಯಿತು, ಆಫ್ರಿಕದ ಒಕ್ಕಲಿಗರು ಸೆರೆಯಾಳುಗಳಾಗಿ ಕನ್ನಡದ ಮತ್ತೊಂದು ಕೋಟೆಯೂರಿಗೆ ಬಂದರು.

ನೆನಪಿನ ಎರಡು ದಾರಿ

ಡಬ್ಲಿನ್ನಿನ ಸೇಂಟ್ ಸ್ಟೀಫನ್ಸ್ ಗ್ರೀನ್ ಉದ್ಯಾನದ ಬಾಗಿಲಲ್ಲಿ 1907ರಲ್ಲಿ ಕಟ್ಟಿದ ಕಮಾನಿನ ಮೇಲೆ ಬೋಯರ್ ಯುದ್ಧದಲ್ಲಿ ಮಡಿದ ಫ್ಯುಸಿಲಿಯರುಗಳ ಹೆಸರುಗಳಿವೆ, ಟಲಾನಾ ಕೊಲೆನ್ಸೊಗಳ ಹೆಸರುಗಳಿವೆ. ಐರಿಷ್ ರಾಷ್ಟ್ರೀಯವಾದಿಗಳು ಅದನ್ನು ದ್ರೋಹಿಗಳ ಬಾಗಿಲೆಂದು ಕರೆದರು. ತಮ್ಮಂತೆಯೇ ಬ್ರಿಟಿಷರಿಗೆದುರಾದ ಬೋಯರರ ಮೇಲೆ ಐರಿಷರು ಗುಂಡು ಹಾರಿಸಿದರೆಂಬುದು ಅವರ ಆಕ್ಷೇಪ. ಐರ್ಲೆಂಡಿನ ಬಹುಭಾಗ ಸ್ವತಂತ್ರವಾದ 1922ರಲ್ಲಿ ಆ ರೆಜಿಮೆಂಟನ್ನೇ ವಿಸರ್ಜಿಸಲಾಯಿತು. ನಂದಿದುರ್ಗದ ಹೆಸರು ಹೊತ್ತ ಪತಾಕೆಯೂ ಅಲ್ಲಿಗೆ ಮಡಿಸಲ್ಪಟ್ಟಿತು.

ನಂದಿಯ ಸುತ್ತಲಿನ ಜನರ ನೆನಪು ಬೇರೆ ದಾರಿ ಹಿಡಿಯಿತು. ಪರಂಪರೆಯಂತೆ 1726ರಿಂದ 1836ರವರೆಗೆ ಬಾಳಿದ ಕೈವಾರದ ನಾರೇಯಣ ಯೋಗಿಗಳ ಜೀವಿತದೊಳಗೆ ಹೈದರನ ಮುತ್ತಿಗೆ, ಮರಾಠರ ದಂಡು, ಕಾರ್ನ್‌ವಾಲಿಸನ ಫಿರಂಗಿ ಎಲ್ಲವೂ ಬಂದುಹೋಗುತ್ತವೆ. ಚಿಂತಾಮಣಿ ಸೀಮೆಯ ಜನ ಇಂದಿಗೂ ಹಾಡುವುದು ಬಳೆ ಮಾರುತ್ತ ಹಳ್ಳಿ ಸುತ್ತಿದರೆನ್ನುವ ಆ ತಾತಯ್ಯನವರ ಪದಗಳನ್ನು, ಅಂಬಾಜಿದುರ್ಗವನ್ನು ಗೆದ್ದವರ ಹೆಸರನ್ನಲ್ಲ. ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಹಾರಿಸಲು ಕೂಡಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಲ್ಲಿ ಮಡಿದ ರೈತರಿಗಾಗಿ ಇಂದು ಸ್ಮಾರಕ ಸ್ತೂಪವಿದೆ. ನಂದಿಯ ಹೆಸರು ಪರರ ಪತಾಕೆಯ ಮೇಲೆ ಗೆಲುವಿನ ಗುರುತಾಗಿದ್ದ ನಾಡಿನಲ್ಲಿ, ಜನ ತಮ್ಮದೇ ಪತಾಕೆಗಾಗಿ ಪ್ರಾಣ ಕೊಟ್ಟ ಸ್ಥಳವದು.

1791ರಲ್ಲಿ ಬಂಡೆ ಕಡಿದು ದಾರಿ ಮಾಡಿದ ಕೂಲಿಗಳಿಗೂ, ಕಲ್ಲುರುಳಿಸಿ ಕೋಟೆ ಕಾಯ್ದ ಸಿಪಾಯಿಗಳಿಗೂ ಇಂಥ ಸ್ತೂಪವಿಲ್ಲ. ಗೆದ್ದವರ ದಾಖಲೆಗಳಲ್ಲಿ ಕಿಲ್ಲೇದಾರನ ಹೆಸರಷ್ಟೇ ಉಳಿಯಿತು. ಬೆಳಗಿನ ಮಂಜು ನೋಡಲು ನಂದಿಗೆ ಬರುವವರು ಹಾದುಹೋಗುವ ಕೋಟೆಗೋಡೆಗಳೇ ಆ ಹೆಸರಿಲ್ಲದವರ ಶಾಸನ. ಅದನ್ನು ಓದುವ ಕೆಲಸ ಈ ನಾಡಿನ ಇತಿಹಾಸದ ವಿದ್ಯಾರ್ಥಿಗಳಿಗೆ ಸೇರಿದ್ದು.